ಬಾಡಿಗೆ ಸೀಟು ಪಾಸು, ಅಕ್ಕ ಬೆಸೆದ ಪಂಜರ ಫೇಲು

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಕಾರಿನೊಳಗಿನ ಉಕ್ಕಿನ ಪಂಜರವನ್ನು ಈ ತಿಂಗಳು ಮುಗಿಯುವುದರೊಳಗೆ ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ಕಾರನ್ನು ಜಪ್ತಿ ಮಾಡಿ ಗುಜರಿಗೆ ಹಾಕಲಾಗುವುದು ಎಂದು ನಿಮ್ಮ ಕಚೇರಿ ನೋಟಿಸು ಕೊಟ್ಟಿದೆ. ಆ ಪಂಜರ ಇರುವುದು, ಕಾರು ಉರುಳಿದರೆ ನನ್ನ ತಲೆ ಜಜ್ಜಿಹೋಗದಿರಲಿ ಎಂದು. ಅಂದರೆ ನನ್ನ ತಲೆ ಕಾಯುವ ವಸ್ತುವನ್ನು ಕಿತ್ತುಹಾಕಿದರೆ ಮಾತ್ರ ನನ್ನ ಕಾರು ಸುರಕ್ಷಿತ ಎಂದು ನೀವು ಸಹಿ ಹಾಕುತ್ತೀರಿ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಆದ್ದರಿಂದ ನೋಟಿಸನ್ನು ಮತ್ತೆ ಮತ್ತೆ ಓದಿದೆ. ತಪ್ಪು ನನ್ನ ಓದಿನಲ್ಲಿಲ್ಲ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಆದ್ದರಿಂದ ವಿಷಯ ಏನೆಂದು ತಿಳಿಯದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ನಾನು ಟೈರು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಡ್ರ್ಯಾಗ್ ರೇಸಿನ ಹುಚ್ಚು. ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹೊತ್ತುತ್ತದೆ, ನೇರ ದಾರಿಯ ತುದಿಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ತಿರುವಿಲ್ಲ, ಎರಡನೇ ಸುತ್ತಿಲ್ಲ. ಆಕಳಿಸುವಷ್ಟರಲ್ಲಿ ಮುಗಿದುಹೋಗುವ ಆಟ. ಇದರಿಂದ ಲೋಕೋದ್ಧಾರವಾಗುತ್ತದೆಂದು ನಾನು ಹೇಳುತ್ತಿಲ್ಲ. ನನಗೆ ಅದು ಇಷ್ಟ, ಅಷ್ಟೆ. ಊರಾಚೆ ವಿಮಾನಗಳು ಇಳಿಯುವುದನ್ನು ನಿಲ್ಲಿಸಿದ ಹಳೆಯ ರನ್‌ವೇಯಲ್ಲಿ ಕ್ಲಬ್ಬೊಂದು ಈ ಪಂದ್ಯ ನಡೆಸುತ್ತದೆ. ಅಲ್ಲಿ ತಡೆಗೋಡೆ ಇದೆ, ಆಂಬುಲೆನ್ಸ್ ಇದೆ, ಹೆಲ್ಮೆಟ್ ಇಲ್ಲದವನನ್ನು ಹತ್ತಿರವೂ ಬಿಡುವುದಿಲ್ಲ. ಪಂಜರವಿಲ್ಲದ ಕಾರಿಗೂ ಪ್ರವೇಶವಿಲ್ಲ. ಜೊತೆಗೆ ನಿಮ್ಮ ಕಚೇರಿಯ ಸುಸ್ಥಿತಿ ಪ್ರಮಾಣಪತ್ರ ಬೇಕು, ಏಕೆಂದರೆ ಜಾಗ ಸರ್ಕಾರದ್ದು. ನಿಮ್ಮ ಕಚೇರಿಯಲ್ಲಿ ಪಂಜರವಿರುವ ಕಾರಿಗೆ ಪ್ರಮಾಣಪತ್ರವಿಲ್ಲ. ಅತ್ತ ದರಿ, ಇತ್ತ ಪುಲಿ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಶಾಲೆಯಲ್ಲಿ ಕಲಿತದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಕಾರು ನನ್ನ ಸೋದರಮಾವನದು. ಮಾವ ಟ್ಯಾಕ್ಸಿ ಓಡಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟು ಒಂದೇ ಮಾತು ಹೇಳಿದರು: "ಬಿಚ್ಚು, ಕಟ್ಟು, ಏನಾದ್ರೂ ಮಾಡ್ಕೋ. ರಸ್ತೆ ಮೇಲೆ ರೇಸ್ ಓಡಿಸಿದ ದಿನ ಕೀಲಿ ವಾಪಸ್ ತಂದಿಡು. ನಾನಾಗಿ ಕೇಳಲ್ಲ." ಅದಕ್ಕೆ ಕಾರಣವಿದೆ. ಒಮ್ಮೆ ಹೊರವರ್ತುಲ ರಸ್ತೆಯಲ್ಲಿ ಪಂದ್ಯ ಕಟ್ಟಿದ ಹುಡುಗನೊಬ್ಬನ ಕಾರು ಉರುಳಿತ್ತು. ಅವನನ್ನು ಇದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದವರು ಮಾವ. ದಾರಿಯುದ್ದಕ್ಕೂ ಆ ಹುಡುಗ "ನನ್ನ ಕಾರ್ ಏನಾಯ್ತು? ಕಾರ್ ಏನಾಯ್ತು?" ಎಂದೇ ಕೇಳುತ್ತಿದ್ದನಂತೆ. ಆಮೇಲೆ ಆ ಹುಡುಗನೇ ಏನಾದ ಎಂದು ಕೇಳುವ ಧೈರ್ಯ ಮಾವನಿಗೆ ಈವರೆಗೂ ಆಗಿಲ್ಲ.

ಮೊದಲ ಸಲ ರೇಸಿನ ಕಾರು ಕಟ್ಟುವ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಹಗುರವಾದಷ್ಟೂ ಓಡುತ್ತದೆ ಎಂದುಕೊಂಡು ಹಿಂದಿನದನ್ನೆಲ್ಲ ಕಿತ್ತೆ. ಸೀಟು ಹೋಯಿತು, ಹಾಸು ಹೋಯಿತು, ಡಿಕ್ಕಿಯ ತಗಡಿಗೆ ಜರಡಿಯಂತೆ ತೂತು ಕೊರೆದೆ. ಗುಜರಿಯಿಂದ ತಂದ ದೊಡ್ಡ ಎಂಜಿನ್ನನ್ನು ಮುಂದೆ ಕೂರಿಸಿದೆ. ಟೈರು ಅಂಗಡಿಯ ಹಿಂದಿನ ಅಂಗಳದಲ್ಲಿ, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿದೆ. ಎಂಜಿನ್ನು ಗುಡುಗಿತು. ಹಿಂದಿನ ಚಕ್ರಗಳು ಗಿರಗಿರನೆ ತಿರುಗಿದವು. ಕಾರು ಮಾತ್ರ ಇದ್ದಲ್ಲೇ ಇತ್ತು. ಹೊಗೆ ಇಳಿದ ಮೇಲೆ ಅತ್ತೆಯ ದನಿ ಕೇಳಿಸಿತು: "ಇದೇನೋ, ರೇಸಿನ ಕಾರೋ, ಸೊಳ್ಳೆ ಓಡಿಸೋ ಯಂತ್ರವೋ?"

ಹಿಂದೆ ತೂಕವಿಲ್ಲದಿದ್ದರೆ ಚಕ್ರಕ್ಕೆ ನೆಲದ ಹಿಡಿತ ಸಿಗುವುದಿಲ್ಲ ಎಂಬುದು ನನಗೆ ಆವತ್ತು ತಿಳಿಯಿತು. ಆ ತೂಕವನ್ನು ಕೊಟ್ಟದ್ದೂ ಪಂಜರವೇ. ಅದನ್ನು ಬೆಸೆದವಳು ನನ್ನ ಅಕ್ಕ. ಗೇಟು, ಕಿಟಕಿ ಸರಳು ಮಾಡುವ ಕಾರ್ಖಾನೆಯಲ್ಲಿ ಅವಳು ವೆಲ್ಡರ್. ಕೆಲಸ ಮುಗಿಸಿ ಬಂದು, ಮುಖಕ್ಕೆ ಮತ್ತೆ ಕವಚ ಹಾಕಿಕೊಂಡು, ಒಂದೊಂದು ಕೊಳವೆಯನ್ನೂ ಬಗ್ಗಿಸಿ ಬೆಸೆದಳು. ಪ್ರತಿ ಬೆಸುಗೆಯ ಮೇಲೆ ಸುತ್ತಿಗೆಯಿಂದ ಬಾರಿಸಿ ಕಿವಿಗೊಟ್ಟು ಕೇಳಿದಳು. ಒಂದರ ಸದ್ದು ಹಿಡಿಸಲಿಲ್ಲವೆಂದು ಕತ್ತರಿಸಿ ಮತ್ತೆ ಬೆಸೆದಳು. "ಸಾಕು ಬಿಡಕ್ಕಾ, ಚೆನ್ನಾಗೇ ಇದೆ" ಎಂದರೆ, "ಗೇಟಾದ್ರೆ ಸಾಕು ಅಂತಿದ್ದೆ. ಒಳಗೆ ಕೂರೋನು ಕತ್ತೆಯಾದ್ರೂ ನನ್ನ ತಮ್ಮನೇ ತಾನೇ?" ಎಂದಳು.

ಇನ್ನು ನಿಮ್ಮ ಅಂಗಳಕ್ಕೆ ಬರೋಣ. ಕಾರನ್ನು ಟೈರು ಅಂಗಡಿಯ ಲಾರಿಯ ಮೇಲೆ ಹೇರಿಕೊಂಡು ಬಂದು ಸರದಿಯಲ್ಲಿ ನಿಂತೆ. ನಿಮ್ಮ ಗೇಟಿನ ಎದುರು ಒಂದು ಅಂಗಡಿಯಿದೆ. ನಿಮ್ಮ ಕೋಣೆಯ ಕಿಟಕಿಯಿಂದ ನೇರ ಕಾಣುತ್ತದೆ, ಆದ್ದರಿಂದ ನೀವು ನೋಡಿಲ್ಲವೆಂದು ಹೇಳುವುದು ಕಷ್ಟ. ಅಲ್ಲಿ ಮಾರಾಟವಿಲ್ಲ, ಎಲ್ಲವೂ ಬಾಡಿಗೆ. ಸೀಟು, ಬೆಲ್ಟು, ಸೈಲೆನ್ಸರ್, ಕನ್ನಡಿ. ತಪಾಸಣೆಗೆ ಮುಂಚೆ ತೊಡಿಸಿ, ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಟೋಪಿ ಹಾಕಿದ ಅದರ ಮಾಲೀಕ ನನ್ನ ಕಾರಿನ ಕಿಟಕಿಯಲ್ಲಿ ತಲೆ ತೂರಿಸಿದ.

"ಹಿಂದಿನ ಸೀಟು ಬೇಕಾ ತಮ್ಮಾ? ಬೆಂಕಿ ಆರಿಸೋ ಸಿಲಿಂಡರ್ ಬೇಕಾ?"

"ಸಿಲಿಂಡರ್ ನಂದೇ ಇದೆ. ತುಂಬಿದೆ."

"ತುಂಬಿದ್ದು ಯಾಕಪ್ಪಾ, ಭಾರ! ನಂದು ಖಾಲಿ, ಆದ್ರೆ ಬಣ್ಣ ನೋಡು, ಹೊಸಾ ಮದುಮಗನ ಹಾಗಿದೆ."

"ಪಂಜರ ಇದೆ, ಸೀಟು ಕೂರಲ್ಲ."

"ಕೊಳವೆ ಕತ್ತರಿಸಿ ಬಾ. ಪಾಸಾದ ಮೇಲೆ ಮತ್ತೆ ಅಂಟಿಸ್ಕೋ. ಎಲ್ಲಾ ರೇಸಿನ ಹುಡುಗ್ರೂ ಹಂಗೇ ಮಾಡೋದು."

ಕತ್ತರಿಸಿ ಅಂಟಿಸಿದ ಪಂಜರ, ಕಾರು ಉರುಳಿದಾಗ ಅಂಟಿಸಿದಲ್ಲೇ ಬಿಟ್ಟುಕೊಳ್ಳುತ್ತದೆ. ನಾನು ಬೇಡವೆಂದೆ. ಅವನು ನನ್ನನ್ನು ಕನಿಕರದಿಂದ ನೋಡಿ ಮುಂದಿನ ಗಾಡಿಗೆ ಹೋದ.

ಮಾನ್ಯರೇ, ಆ ಬಾಡಿಗೆ ಸೀಟನ್ನು ಆವತ್ತು ಬೆಳಗ್ಗೆಯೆಲ್ಲ ನೋಡುತ್ತ ಕುಳಿತಿದ್ದೆ. ಕಂದು ಬಣ್ಣದ ಸೀಟು, ಎಡಗಡೆ ಯಾರೋ ಸಿಗರೇಟು ಒತ್ತಿದ ಕಪ್ಪು ಕಲೆ. ಮೊದಲು ಒಂದು ಟ್ಯಾಕ್ಸಿಯಲ್ಲಿ ಕೂತಿತು. ಅಲ್ಲಿಂದಿಳಿದು ನನ್ನ ಮುಂದಿದ್ದ ಶಾಲಾ ವ್ಯಾನಿಗೆ ಹತ್ತಿತು. ಬೋಲ್ಟು ಇಲ್ಲ, ನಟ್ಟು ಇಲ್ಲ, ಸುಮ್ಮನೆ ಇಟ್ಟದ್ದು. ನಿಮ್ಮ ತಪಾಸಕರು ಎರಡು ಸಲವೂ ಅದೇ ಕಲೆಯ ಪಕ್ಕದಲ್ಲಿ ಅಂಗೈ ಒತ್ತಿ, ಮೆತ್ತಗಿದೆಯೆಂದು ತಲೆಯಾಡಿಸಿ, ಮುದ್ರೆ ಹೊಡೆದರು. ಪರೀಕ್ಷೆ ಎಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆ ಸೀಟಿನಷ್ಟು ಸಲ ಪಾಸಾದವರು ನಮ್ಮ ವಂಶದಲ್ಲೇ ಇಲ್ಲ. ಆ ವ್ಯಾನಿನ ಮಕ್ಕಳು ಮರುದಿನ ಯಾವುದರ ಮೇಲೆ ಕೂತು ಶಾಲೆಗೆ ಹೋದರು? ಇದನ್ನು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಮ್ಮೆಯಾದರೂ ಯೋಚಿಸಿದ್ದೀರಾ?

ನನ್ನ ಸರದಿ ಬಂತು. ತಪಾಸಕರು ಬಗ್ಗಿ ನೋಡಿದರು.

"ಇದೇನಯ್ಯಾ, ಪಂಜರ ಕಟ್ಟಿಸಿದೀಯ? ಗಿಳಿ ಸಾಕ್ತೀಯಾ?"

"ಕಾರು ಉರುಳಿದ್ರೆ ತಲೆ ಉಳಿಯೋಕೆ ಸಾರ್."

"ಉರುಳಿಸೋಕೆ ಅಂತಾನೇ ಹೊರಟೋನಿಗೆ ನಾನು ಸರ್ಟಿಫಿಕೇಟ್ ಕೊಡಬೇಕಾ? ಹಿಂದಿನ ಸೀಟೆಲ್ಲಿ?"

"ಮನೇಲಿದೆ ಸಾರ್. ನಮ್ಮತ್ತೆ ಅದರ ಮೇಲೆ ಕೂತು ಟಿವಿ ನೋಡ್ತಾರೆ."

ಸರದಿಯಲ್ಲಿದ್ದವರೆಲ್ಲ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ, ಅವರು ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದೆ. ತಪಾಸಕರ ಮುಖ ಮಾತ್ರ ಗಂಟಾಯಿತು. ಪಂಜರಕ್ಕೆ 'ಅನಧಿಕೃತ ಲೋಹದ ರಚನೆ' ಎಂದು ಹೆಸರಿಟ್ಟು ಫೇಲು ಮಾಡಿದರು. ಕೊಡೆ ಹಿಡಿದು ಹೊರಟವನನ್ನು ಮಳೆ ತರಿಸುವವನೆಂದು ಹಿಡಿದು ಕೂರಿಸಿದಂತಾಯಿತು.

ಆಮೇಲೆ ನಾನು ನಿಮ್ಮ ಕೋಣೆಗೇ ಬಂದೆ. ನಿಮಗೆ ನೆನಪಿರಲಿಕ್ಕಿಲ್ಲ. ನೀವು ಕಿಟಕಿಗೆ ಬೆನ್ನು ಮಾಡಿ ಕೂತಿದ್ದಿರಿ, ನಿಮ್ಮ ಬೆನ್ನ ಹಿಂದೆ, ಗಾಜಿನಾಚೆ, ಅದೇ ಕಂದು ಸೀಟು ರಸ್ತೆ ದಾಟುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ನೀವು ಕೆಟ್ಟ ಮಾತಾಡಲಿಲ್ಲ. ನಿಜವಾಗಿ ಹೇಳಬೇಕೆಂದರೆ, ಬಹಳ ಅಕ್ಕರೆಯಿಂದಲೇ ಹೇಳಿದಿರಿ: "ಎಲ್ಲರೂ ಮಾಡೋ ಹಾಗೆ ಮಾಡಿ ಮುಗಿಸಪ್ಪಾ. ಯಾಕೆ ನೀನೂ ಒದ್ದಾಡಿ ನಮ್ಮನ್ನೂ ಒದ್ದಾಡಿಸ್ತೀಯ?"

ನನ್ನನ್ನು ನಿದ್ದೆಗೆಡಿಸಿದ್ದು ತಪಾಸಕರ ಬೈಗುಳವಲ್ಲ, ನಿಮ್ಮ ಅಕ್ಕರೆ. ಎಲ್ಲರೂ ಮಾಡುವ ಹಾಗೆ ಮಾಡಿದವರು ಈಗ ಎಲ್ಲಿದ್ದಾರೆ ಗೊತ್ತೇ? ಹೊರವರ್ತುಲ ರಸ್ತೆಯಲ್ಲಿ. ಅವರ ಬಳಿ ನಿಮ್ಮ ಪ್ರಮಾಣಪತ್ರವಿದೆ, ಕಾರಿನಲ್ಲಿ ಪಂಜರವಿಲ್ಲ; ಕತ್ತರಿಸಿ ಅಂಟಿಸಿದ್ದನ್ನು ಕ್ಲಬ್ಬು ಪಂಜರವೆಂದು ಒಪ್ಪುವುದೇ ಇಲ್ಲ. ಪಂಜರವಿಲ್ಲದ್ದರಿಂದ ರನ್‌ವೇ ಅವರನ್ನು ಒಳಗೆ ಬಿಡುವುದಿಲ್ಲ. ರಸ್ತೆಗೆ ಬಾಗಿಲಿಲ್ಲ, ಕೇಳುವವರಿಲ್ಲ. ಹಾಲಿನ ಲಾರಿ, ಆಸ್ಪತ್ರೆಯಿಂದ ಮನೆಗೆ ಹೊರಟ ನರ್ಸು, ಎಲ್ಲರ ನಡುವೆಯೇ ಅವರ ಹಸಿರು ದೀಪ. ನನ್ನನ್ನೂ ದಿನಾ ಕರೆಯುತ್ತಾರೆ. ಟೈರು ಹಾಕಿಸಲು ಬಂದವನೊಬ್ಬ ಕೇಳಿದ: "ಏನೋ ಪಂಜರದ ಗಿಳಿ, ಯಾವಾಗ ಹಾರ್ತೀಯ? ಇನ್ನೂ ಸಾಹೇಬರ ಅಪ್ಪಣೆ ಕಾಯ್ತಿದೀಯಾ?" ಅವನ ಕಾರಿನ ಗಾಜಿನ ಮೇಲೆ ನಿಮ್ಮ ಕಚೇರಿಯ ಹೊಚ್ಚಹೊಸ ಚೀಟಿ ಹೊಳೆಯುತ್ತಿತ್ತು. ಅವನ ಹಿಂದಿನ ಸೀಟಿನ ಜಾಗ ಖಾಲಿಯಿತ್ತು. ನಾನು ತಲೆ ತಗ್ಗಿಸಿ ಅವನ ಟೈರಿಗೆ ಗಾಳಿ ತುಂಬಿದೆ. ಅದು ನನ್ನ ಕೆಲಸ.

ನಿಮ್ಮ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಸಿಕ್ಕಸಿಕ್ಕವರು ಕಾರು ಕತ್ತರಿಸಿ ರಸ್ತೆಗಿಳಿದರೆ ಊರು ಉಳಿಯುವುದಿಲ್ಲ, ಒಪ್ಪಿದೆ. ಆದರೆ ನಾನು ರಸ್ತೆ ಕೇಳಲೇ ಇಲ್ಲವಲ್ಲ! ಲಾರಿಯ ಮೇಲೆ ಹೇರಿಕೊಂಡು ಹೋಗಿ, ನೇರ ದಾರಿಯಲ್ಲಿ ಒಮ್ಮೆ ಓಡಿಸಿ, ಲಾರಿಯ ಮೇಲೆಯೇ ಹಿಂದೆ ತರುತ್ತೇನೆ ಎನ್ನುತ್ತಿದ್ದೇನೆ. ನಿಮ್ಮ ಅರ್ಜಿಯಲ್ಲಿ ಖಾಸಗಿ ಕಾರಿಗೆ ಜಾಗವಿದೆ, ಟ್ಯಾಕ್ಸಿಗಿದೆ, ಟ್ರ್ಯಾಕ್ಟರಿಗಿದೆ, ಹೆಣದ ಗಾಡಿಗೂ ಇದೆ. ರೇಸಿನ ಕಾರಿಗೆ ಇಲ್ಲ. ಸತ್ತವರನ್ನು ಸಾಗಿಸಲು ಮಾಡಿಕೊಟ್ಟ ಅನುಕೂಲವನ್ನು, ಸಾಯದೆ ಓಡಿಸಬೇಕೆನ್ನುವವನಿಗೂ ಮಾಡಿಕೊಡಬಾರದೇ?

ಮನೆಯ ಸ್ಥಿತಿ ಹೇಳಿ ಮುಗಿಸುತ್ತೇನೆ. ಕೀಲಿ ಮೊಳೆಗೆ ನೇತುಬಿದ್ದಿದೆ. ಮಾವನಿಗೆ ಅದು ಕಾಣುವುದಿಲ್ಲ, ಆದರೆ ಹೋಗುವಾಗ ಬರುವಾಗ ಗೋಡೆಯ ಮೇಲೆ ಕೈಯಾಡಿಸಿ, ಅಲ್ಲೇ ಇದೆಯೆಂದು ಖಚಿತ ಮಾಡಿಕೊಳ್ಳುತ್ತಾರೆ. ಏನೂ ಕೇಳುವುದಿಲ್ಲ. ಒಂದು ಸಂಜೆ ನಾನು ಆ ಕೀಲಿಯನ್ನು ಜೇಬಿಗಿಳಿಸಿ ಅಂಗಳದವರೆಗೂ ಹೋಗಿದ್ದೆ. ಒಳಗಿನಿಂದ ಗೋಡೆ ತಡವುವ ಸದ್ದು ಕೇಳಿಸಿತು. ಮೊಳೆಯ ಹತ್ತಿರ ಬಂದು ಸದ್ದು ನಿಂತುಬಿಟ್ಟಿತು. ನಾನು ಒಳಗೆ ಬಂದು, ಅವರ ಕೈ ಪಕ್ಕದಲ್ಲೇ ಕೀಲಿಯನ್ನು ತಿರುಗಿ ನೇತುಹಾಕಿದೆ. ಇನ್ನೆಷ್ಟು ಸಂಜೆ ಹೀಗೆ ತಿರುಗಿ ಬರುತ್ತೇನೋ ನನಗೇ ತಿಳಿಯದು. ನಾನು ಸುಳ್ಳು ಹೇಳುವವನಲ್ಲ, ಆದ್ದರಿಂದ ಇದನ್ನೂ ಬರೆದಿದ್ದೇನೆ.

ಅಕ್ಕನಿಗೆ ನೋಟಿಸು ಓದಿ ಹೇಳಿದೆ. ಅವಳು ಕೈ ತೊಳೆಯುತ್ತಿದ್ದಳು. "ಬೆಸೆಯೋಕೆ ಹೇಳು, ಬರ್ತೀನಿ. ಕತ್ತರಿಸೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ ಅನ್ನು ನಿಮ್ಮ ಸಾಹೇಬ್ರಿಗೆ" ಎಂದಳು. ಹೇಳಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: 'ರಸ್ತೆಗಲ್ಲ, ಪಂದ್ಯದ ದಾರಿಗೆ ಮಾತ್ರ.' ಪಂಜರವನ್ನು ಸುತ್ತಿಗೆಯಿಂದ ಬಾರಿಸಿ ಪರೀಕ್ಷಿಸಿ, ಸದ್ದು ಸರಿಯಿಲ್ಲದಿದ್ದರೆ ಫೇಲು ಮಾಡಿ, ತುಟಿ ಬಿಚ್ಚುವುದಿಲ್ಲ. ಅದಾಗದು ಎಂದಾದರೆ, ತಿಂಗಳ ಕೊನೆಗೆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ನಿಮ್ಮ ಕಿಟಕಿಯ ಕೆಳಗೇ ತಂದು ನಿಲ್ಲಿಸುತ್ತೇನೆ. ಕತ್ತರಿಸುವ ಯಂತ್ರ ನೀವೇ ಹಿಡಿಯಿರಿ. ಹಿಡಿಯುವ ಮೊದಲು ಒಮ್ಮೆ ಚಾಲಕನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡು ತಲೆಯ ಮೇಲೆ ನೋಡಿ. ಕೊಳವೆ ಮತ್ತು ತಲೆಯ ನಡುವೆ ಎಷ್ಟು ಜಾಗವಿರಬೇಕೆಂದು ಅಕ್ಕ ನನಗೆ ಹೆಲ್ಮೆಟ್ ಹಾಕಿ ಅಲ್ಲಿ ಕೂರಿಸಿ ಅಳೆದಿದ್ದಳು. "ಅಲ್ಲಾಡಬೇಡ" ಎಂದಿದ್ದಳು. ಒಂದು ಪಾಠ ಮುಗಿಯುವಷ್ಟು ಹೊತ್ತೂ ತರಗತಿಯಲ್ಲಿ ಕೂರಲಾರದ ನಾನು, ಅವಳು ಸಾಕೆನ್ನುವವರೆಗೂ ಅಲ್ಲಾಡಲಿಲ್ಲ.

ಇಂತಿ,
ನಿಮ್ಮ ಅಂಗಳದಲ್ಲಿ ಕಂದು ಸೀಟಿನೆದುರು ಸೋತ,
ಆದರೂ ಅದನ್ನು ಬಾಡಿಗೆಗೆ ತರಲೊಪ್ಪದ,
ಪಂಜರದ ಗಿಳಿ