ಮಾರ್ವಿಂಕ್ ಪದಕ್ಕೆ ಎರಡನೆಯ ಆಧಾರ

ಹದಿನಾಲ್ಕನೇ ತಾರೀಖು, ಮಂಗಳವಾರ
ಕಚೇರಿ, ಊಟದ ಬಿಡುವು

ಪದಪ್ರಿಯರೇ, ಪದಾರ್ಥಪ್ರಿಯರೇ, ಅರ್ಥ ಹುಡುಕಹೋಗಿ ಅನರ್ಥ ತಂದುಕೊಂಡ ಸಮಸ್ತ ಮಹಾಜನಗಳೇ,

ಮಹಾಜನ ಎಂದರೆ ಸದ್ಯಕ್ಕೆ ನೀವೊಬ್ಬರೇ. ಮೂರು ವರ್ಷದಿಂದ ಮಾತು ಬಿಟ್ಟ ಗಂಡನನ್ನು ಕಾಗದದಲ್ಲಿ ಏನೆಂದು ಕರೆಯಬೇಕು ಎಂಬುದು ನಮ್ಮ ನಿಘಂಟಿನಲ್ಲಿಲ್ಲ. ನಿಮ್ಮ ಹೊಸ ಪ್ರಕಾಶನದ ನಿಘಂಟಿನಲ್ಲೂ ಇಲ್ಲ, ನೋಡಿದೆ. ಅದಕ್ಕೇ ಸಭೆ ಕರೆದೆ.

ವಿಷಯ ಕಚೇರಿಯದು, ಗಾಬರಿ ಬೇಡ. ನಿಮ್ಮ ಇಂಗ್ಲಿಷ್-ಕನ್ನಡ ನಿಘಂಟು ಹೋದ ವಾರ ನನ್ನ ಮೇಜಿಗೆ ಬಂತು. ಎದುರಾಳಿಯ ಪುಸ್ತಕ ಬಂದಾಗ ಇಲ್ಲಿ ನಡೆಯುವ ಶೋಧ ನಿಮಗೆ ಗೊತ್ತೇ ಇದೆ. ಹನ್ನೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತು ನೀವೂ ಮಾಡಿದ್ದೀರಿ. ಪ್ರತಿ ಮುದ್ರಣದಲ್ಲೂ ನಾವು ಏಳು ಸುಳ್ಳು ಪದ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಇಲ್ಲದ ಪದ, ನಾವೇ ಕಟ್ಟಿದ ಅರ್ಥ. ಬೇರೆಯವರ ಪುಸ್ತಕದಲ್ಲಿ ಅದು ಕಂಡರೆ ನಮ್ಮದನ್ನು ನಕಲು ಹೊಡೆದಿದ್ದಾರೆಂದು ಸಾಬೀತು. ಕಳ್ಳನಿಗೊಂದು ಪಿಳ್ಳೆ ನೆವ, ನಿಘಂಟಿಗೊಂದು ಸುಳ್ಳು ಪದ.

ನಿಮ್ಮ ಪುಸ್ತಕದಲ್ಲಿ ಒಂದು ಸಿಕ್ಕಿತು. ‘ಮಾರ್ವೆಲ್’ ಮುಗಿದ ಮೇಲೆ, ಅಂದರೆ ಅದ್ಭುತವೆಲ್ಲ ಮುಗಿದ ಮೇಲೆ, ಹೀಗಿದೆ: ‘ಮಾರ್ವಿಂಕ್, ಕ್ರಿಯಾಪದ. ಮನೆಯಲ್ಲಿ ಇಲ್ಲದವರನ್ನೂ ಲೆಕ್ಕಕ್ಕೆ ಹಿಡಿದು ಒಂದು ಲೋಟ ಹೆಚ್ಚಿಗೆ ತೊಳೆದಿಡು.’ ನನ್ನದೇ ವಾಕ್ಯ, ಪೂರ್ಣವಿರಾಮ ಸಮೇತ.

ಮುಖ್ಯ ಸಂಪಾದಕರಿಗೆ ತೋರಿಸಿದೆ. ನೀವಿಟ್ಟ ‘ಅಲ್ಪವಿರಾಮ’ ಎಂಬ ಅಡ್ಡಹೆಸರು ಇನ್ನೂ ಚಾಲ್ತಿಯಲ್ಲಿದೆ. ಅವರೂ ಎರಡು ಪದಕ್ಕೊಮ್ಮೆ ನಿಲ್ಲುವುದನ್ನು ಬಿಟ್ಟಿಲ್ಲ. “ನಿಮ್ಮ, ಯಜಮಾನರೇ, ಸಿಕ್ಕಿಬಿದ್ರಲ್ಲಮ್ಮ” ಎಂದರು. ಆಮೇಲೆ ಕನ್ನಡಕ ತೆಗೆದು, “ಈ ಪದಾನ, ಯಾರಾದ್ರೂ, ಎಲ್ಲಾದ್ರೂ, ಬರೆದಿದ್ರೆ ತೋರ್ಸಿ. ಇಲ್ಲಾಂದ್ರೆ, ಶುಕ್ರವಾರ, ವಕೀಲರ ನೋಟಿಸು” ಎಂದರು. ನೋಟಿಸು ಬಂದರೆ ನಿಮ್ಮ ಕೆಲಸ ಹೋಗುತ್ತದೆ. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ನೀವು ಬರೀ ಕೋಶ ಓದಿದವರು. ನಲವತ್ತೆಂಟರಲ್ಲಿ ಬೇರೆ ಕಸುಬು ಎಲ್ಲಿ ಹುಡುಕುತ್ತೀರಿ?

ಉಳಿಯುವ ದಾರಿ ಒಂದಿದೆ. ನೀವು ಹೋದ ಮೇಲೆ ಹೊಸ ನಿಯಮ ಬಂದಿದೆ. ಎರಡು ಬೇರೆ ಬೇರೆ ಕೈಗಳು ಬರಹದಲ್ಲಿ ಬಳಸಿದ ಪದ ಸುಳ್ಳು ಪದವಲ್ಲ, ಭಾಷೆಯ ಆಸ್ತಿ. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಮೊದಲನೆಯ ಆಧಾರ ಈ ಕಾಗದ. ಈಗ ಪದವನ್ನು ಸಹಜವಾಗಿ ಬಳಸುತ್ತೇನೆ, ಗಮನಿಸಿ.

ನೀವು ಪೆಟ್ಟಿಗೆ ಕಟ್ಟಿದ ದಿನ “ನಾನು ಸೊಸೆ ಜೊತೇಲೇ ಇರ್ತೀನಿ, ಅವಳ ಗೊರಕೆಗೆ ಒಗ್ಗಿದೀನಿ” ಎಂದ ನಿಮ್ಮ ತಾಯಿ ಆರೋಗ್ಯವಾಗಿದ್ದಾರೆ. ನಾನು ಈಗಲೂ ಬೆಳಿಗ್ಗೆ ಮಾರ್ವಿಂಕ್ ಮಾಡುತ್ತೇನೆ. ಇಬ್ಬರಿಗೆ ಮೂರು ಲೋಟ. ಮೊದಮೊದಲು ಅತ್ತೆ ಮೂರನೆಯದನ್ನು ಸದ್ದಿಲ್ಲದೆ ಕಪಾಟಿಗೆ ಸೇರಿಸುತ್ತಿದ್ದರು. ಮೊನ್ನೆ ತಡೆಯಲಾರದೆ, “ಅವನೇನು ಕುಡಿಯೋಕೆ ಬರ್ತಾನಾ? ತೊಳೆದೂ ತೊಳೆದೂ ಸವೆಸ್ತಿದೀಯಲ್ಲೇ” ಎಂದರು. ಸ್ಟೀಲು ಸವೆಯುವುದಿಲ್ಲ ಎಂದೆ. “ಕೈ ಸವೆಯುತ್ತೆ” ಎಂದು ಒಳಗೆ ಹೋದರು.

ಪದದ ಹಿನ್ನೆಲೆಯನ್ನೂ ದಾಖಲಿಸಬೇಕಂತೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬಂದವಳಿಗೆ ಇಂಗ್ಲಿಷ್ ಕಲಿಸಿದ್ದು ನೀವು, ಅದೂ ‘ಎ’ಯಿಂದ ಶುರುಮಾಡಿ. ಮಾತಾಡಹೋದರೆ ನಾಲಿಗೆ ಇವತ್ತೂ ತಡವರಿಸುತ್ತದೆ. ಅರ್ಥ ಕೇಳಿ, ಅರಳು ಹುರಿದಂತೆ. ಅಪರೂಪದ ಪದ ಅರ್ಧ ಸಾಲಿಗೆ ಮುಗಿಯುತ್ತದೆ, ದಿನಾ ಆಡುವ ಪದವೇ ಜೀವ ತಿನ್ನುವುದು ಎನ್ನುತ್ತಿದ್ದಿರಿ. ನಿಜ, ‘ಗೆಟ್’ ಒಂದಕ್ಕೇ ಇಡೀ ಬೇಸಿಗೆ ಹೋಯಿತು. ‘ಸಾರಿ’ಗೆ ನೀವು ಐದು ಅರ್ಥ ಬರೆದಿರಿ, ಮನೆಯಲ್ಲಿ ಒಂದನ್ನೂ ಬಳಸಲಿಲ್ಲ. ಆರನೆಯದು ಬಿಟ್ಟುಹೋಗಿದೆ ಎಂದು ನಾನು ಹಟ ಹಿಡಿದೆ. ನಾನೂ ಬಳಸಲಿಲ್ಲ. ಹನ್ನೊಂದು ದಿನ ಒಂದೇ ಮನೆಯಲ್ಲಿ ಚೀಟಿ ಬರೆದು ವ್ಯವಹಾರ ಮಾಡಿದೆವು. ಹನ್ನೆರಡನೆಯ ದಿನ ನೀವು ಬಾಡಿಗೆ ಕೋಣೆ ಹಿಡಿದಿರಿ. ಇದು ದೂರಲ್ಲ, ವ್ಯುತ್ಪತ್ತಿ.

ಎರಡನೆಯ ಆಧಾರ ನಿಮ್ಮ ಕೈಬರಹದ್ದಾಗಬೇಕು. ಆರೋಪಿಯ ಬರಹ ನಡೆಯುತ್ತದೆಯೇ ಎಂದು ಕೇಳಬೇಡಿ, ನಡೆಯುವುದಿಲ್ಲ ಎಂದು ನಿಯಮದಲ್ಲಿ ಬರೆದಿಲ್ಲ. ಒಂದು ಸಾಲಿನ ಚೀಟಿ ಸಾಲದು. ಸಂದರ್ಭವಿಲ್ಲದ ಪದ ಕಾಲಿಲ್ಲದ ಕುರ್ಚಿ ಎಂದವರು ನೀವೇ. ಎರಡು ಪುಟವಾದರೂ ಇರಲಿ. ಕೋಣೆಗೆ ಬೆಳಕು ಬರುತ್ತದೆಯೇ, ಬಲಗಣ್ಣಿನ ಪೊರೆ ತೆಗೆಸಿದಿರಾ, ಶರ್ಟಿನ ಗುಂಡಿ ಕಿತ್ತರೆ ಯಾರು ಹೊಲಿಯುತ್ತಾರೆ, ಇಂಥ ಸಾಮಾನ್ಯ ಸಂಗತಿಗಳ ನಡುವೆ ಪದ ಸಲೀಸಾಗಿ ಕೂರುತ್ತದೆ. ತಾರೀಖು ಹಾಕಿ, ಸಹಿ ಹಾಕಿ. ಆಧಾರವಿದ್ದರೆ ಉದ್ಧಾರ, ಇಲ್ಲದಿದ್ದರೆ ಗ್ರಹಚಾರ.

ಗುರುವಾರದ ಅಂಚೆಗೆ ತಲುಪುವಂತೆ ಕಳಿಸಿ. ಕಚೇರಿ ವಿಳಾಸ ಬೇಡ, ಅಲ್ಲಿ ಕಾಗದಗಳು ಕಳೆದುಹೋಗುತ್ತವೆ. ಮನೆಗೇ ಬರಲಿ.

ಇಂತಿ,
‘ಎಂ’ ಅಕ್ಷರದ ಉಸ್ತುವಾರಿಯವಳು

ತಾ.ಕ.: ಶುಕ್ರವಾರವೂ ಇಲ್ಲ, ನೋಟಿಸೂ ಇಲ್ಲ. ಅಲ್ಪವಿರಾಮ ನಿಮ್ಮ ಪುಸ್ತಕವನ್ನು ಇನ್ನೂ ತೆರೆದೇ ಇಲ್ಲ. ಅವರ ಮಾತನ್ನೂ ಹೊಸ ನಿಯಮವನ್ನೂ ನಾನೇ ಹುಟ್ಟಿಸಿದೆ. ಮಾರ್ವಿಂಕ್ ಆ ಏಳು ಪದಗಳ ಪಟ್ಟಿಯಲ್ಲೂ ಇಲ್ಲ. ನೀವು ಹೋದ ಮೇಲೆ ಬಂದ ನಮ್ಮ ಮುದ್ರಣದ ಕೊನೆಯ ಕರಡು ಅಚ್ಚಿಗೆ ಹೋಗುವ ಬೆಳಿಗ್ಗೆ, ನೀವೊಬ್ಬರು ಓದಲಿ ಎಂದು ಯಾರಿಗೂ ಹೇಳದೆ ತುರುಕಿದ್ದು. ಆಧಾರವಿಲ್ಲದ ಪದವನ್ನು ಜನ್ಮದಲ್ಲಿ ಮುಟ್ಟದವರು ನೀವು. ಇದನ್ನು ಯಾಕೆ ಇಟ್ಟುಕೊಂಡಿರಿ, ಹೇಳಿ ರೀ. ಮಿಕ್ಕಿದ್ದೇನೂ ಬರೆಯದಿದ್ದರೂ ಪರವಾಗಿಲ್ಲ.