ಒಂಬತ್ತು ಸಾವಿರ ಕಿಲೋಮೀಟರ್ ಬಂದವನಿಗೆ

ಚಿತ್ತವಾಡ್ಗಿ, ಹೊಸಪೇಟೆ
೧೬ ನವೆಂಬರ್ ೨೦೦೮

ಪ್ರೀತಿಯ ತಮ್ಮ ಹಾಲೇಶನಿಗೆ ಅಕ್ಕನ ಆಶೀರ್ವಾದಗಳು.

ನೀನು ಘಾನಾದ ಗಣಿಗೆ ಮರಳಿ ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಕೂಸು ಎದ್ದುಬಿಡುತ್ತದೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಮಗಳು ಸ್ಫೂರ್ತಿ ಈಗ ಮುಖ ನೋಡಿ ನಗುತ್ತಾಳೆ. ನಕ್ಕರೆ ಥೇಟ್ ಅವಳ ಅವ್ವ ಪಂಪಾವತಿ. ಅದಿರಿನ ಲಾರಿಗಳ ಧೂಳಿಗೆ ಅವಳ ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಒಳಗೇ ಹಗ್ಗ ಕಟ್ಟಿದ್ದೇನೆ.

ಮೊನ್ನೆ ಹನುಮಣ್ಣ ಬಂದಿದ್ದ. ಸಂಡೂರಿನ ಗಣಿಯಲ್ಲಿ ನಿನಗೆ ಹಿಟಾಚಿ ಯಂತ್ರ ಓಡಿಸಲು ಕಲಿಸಿದವನಲ್ಲವೇ, ನಿನ್ನ ಮೇಲೆ ಸಿಟ್ಟಾಗಿದ್ದ. "ಹೆಂಡ್ತಿ ಸಾಯಾಕತ್ತಾಳಂದ್ರೂ ಮಣ್ಣು ಮಾಡಿದ ಮ್ಯಾಲ ಬಂದಾನಲ್ಲವ್ವ ನಿನ್ನ ತಮ್ಮ!" ಎಂದ. ನಡೆದದ್ದನ್ನೆಲ್ಲ ಹೇಳಿದೆ. ನಿನಗೂ ಬರೆಯುತ್ತೇನೆ, ಎದುರಿಗಿದ್ದಾಗ ನಾವಿಬ್ಬರೂ ಈ ಮಾತು ಬಿಡಿಸಿ ಆಡಲಿಲ್ಲ.

ಹೆರಿಗೆಯಾದ ಮರುದಿನ ಪಂಪಾವತಿಗೆ ಜ್ವರ ಏರಿತು. ರಕ್ತಕ್ಕೆ ನಂಜು ಹತ್ತಿದೆ ಎಂದರು ಡಾಕ್ಟರು. ಬಸ್ ಸ್ಟ್ಯಾಂಡಿನ ಬಳಿ ಟ್ರಾವೆಲ್ಸ್‌ನವನನ್ನು ಕೇಳಿದೆ. "ವಿಮಾನದ ದಾರಿ ಒಂಬತ್ತು ಸಾವಿರ ಕಿಲೋಮೀಟರ್ ಆಕ್ಕತ್ರಿ. ಘಾನಾದ ಆಕ್ರಾದಿಂದ ದುಬೈಗೆ ಎಂಟು ತಾಸು, ಅಲ್ಲಿ ಆರು ತಾಸು ಕಾಯಬೇಕು, ಮುಂದ ಬೆಂಗಳೂರಿಗೆ ನಾಕು ತಾಸು" ಎಂದ. ಹದಿನೆಂಟು. ಬೆಂಗಳೂರಿನಿಂದ ಇಲ್ಲಿಗೆ ಇನ್ನೂ ಎಂಟು. ಬಂದು ಮುಟ್ಟುತ್ತಾನೆ ಎಂದು ಧೈರ್ಯ ತಂದುಕೊಂಡೆ. ನಿನಗೆ ಫೋನ್ ಹಚ್ಚಿ, "ಉಟ್ಟ ಬಟ್ಟ್ಯಾಗ ಬಾ, ರೂಮಿಗೆ ಹೋಗಬ್ಯಾಡ" ಎಂದವಳು ನಾನೇ. ಹಳದಿ ಜ್ವರದ ಲಸಿಕೆಯ ಪುಸ್ತಕ ರೂಮಿನಲ್ಲೇ ಉಳಿಯಿತು.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಆಫ್ರಿಕಾದಿಂದ ಬಂದು ಲಸಿಕೆಯ ಪುಸ್ತಕ ಇಲ್ಲದವರನ್ನು ಆರು ದಿನ ಬೇರೆ ಇಡಬೇಕು ಎಂದರಂತೆ ಬೆಂಗಳೂರಿನ ವಿಮಾನ ನಿಲ್ದಾಣದವರು. ನೀನು ಫೋನಿನಲ್ಲಿ ಅಳುತ್ತಿದ್ದೆ: "ಅಕ್ಕಾ, ಕಾಲು ಹಿಡಕೊಂಡೆ. ಕಾನೂನು ಐತಿ ಅಂತಾರ. ಬಾಗಲಾಗ ಪೊಲೀಸ್ರು ಅದಾರ." ಅವರನ್ನು ಬೈಯಲೂ ನನಗೆ ಬಾಯಿ ಬರಲಿಲ್ಲ. ಊರಿಗೆ ರೋಗ ಬರಬಾರದೆಂದು ಮಾಡಿದ ಕಾನೂನು.

ನಿನ್ನನ್ನು ಅಲ್ಲಿಟ್ಟ ಮೂರನೆಯ ದಿನ ಅವಳು ಹೋದಳು. ನಿನಗಾಗಿ ಒಂದು ದಿನ ಕಾದೆವು. ಅದಕ್ಕಿಂತ ಹೆಚ್ಚು ಇಡಲಾಗಲಿಲ್ಲ. ನೀನು ಬಂದಾಗ ಗುಡ್ಡೆಯ ಮಣ್ಣು ಇನ್ನೂ ಕುಸಿದಿರಲಿಲ್ಲ.

ಇಷ್ಟು ಕೇಳಿದ ಮೇಲೆ ಹನುಮಣ್ಣ ಕೂಸಿನ ಅಂಗೈ ಮುಟ್ಟಿ, ಚಾ ಕುಡಿಯದೇ ಎದ್ದುಹೋದ.

ಹೊತ್ತಿಗೆ ಸರಿಯಾಗಿ ಉಣ್ಣು. ಯಂತ್ರ ಓಡಿಸುವಾಗ ಮನಸ್ಸು ಎಲ್ಲೋ ಹರಿಯಬಿಡಬೇಡ. ಹಂಪಿಯ ವಿರೂಪಾಕ್ಷ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಹಂಪಕ್ಕ

ಇದೊಂದು ಬರೆಯದಿದ್ದರೆ ಆಗದು: ಹೊರಡುವ ದಿನ ನೀನು ಕೇಳಿದೆ, "ನಾ ಬೆಂಗಳೂರಿಗೆ ಬಂದಿದ್ದು ಆಕಿಗೆ ಗೊತ್ತಿತ್ತೇನಕ್ಕ?" ಎಂದು. ಹೂಂ ಎಂದೆ. ಸುಳ್ಳು, ಹಾಲೇಶ. ಹೊರಗೆ ಬೂಟಿನ ಸಪ್ಪಳವಾದಾಗಲೆಲ್ಲ ನೀನು ಬಂದೆಯೆಂದು ಅವಳು ಏಳಲು ನೋಡುತ್ತಿದ್ದಳು; ಏಳಬಾರದು ಎಂದಿದ್ದರು ಡಾಕ್ಟರು. ಮಲಗಲಿ ಎಂದು, "ಅವಂಗ ರಜಾ ಸಿಗಲಿಲ್ಲವ್ವ, ಬರಂಗಿಲ್ಲ" ಎಂದುಬಿಟ್ಟೆ. "ಹಂಗಾರ ಅವರಿಗೆ ಫೋನ್ ಮಾಡಬ್ಯಾಡ್ರಿ ಅಕ್ಕ, ಗಾಬರಿ ಆಗ್ತಾರ" ಎಂದು ಗೋಡೆಯ ಕಡೆ ತಿರುಗಿದಳು. ಆಮೇಲೆ ಯಾವ ಸಪ್ಪಳಕ್ಕೂ ಏಳಲಿಲ್ಲ.