ಮೊಳಕೆಯ ಕುಂಡಕ್ಕೆ ಹೋದ ಹಳೆಯ ಮಳೆಗಳು

ಮಾನ್ಯರೇ,

ಕೆರೆಯ ಮಣ್ಣನ್ನು ಯಾರು ಎತ್ತಬಹುದು, ಯಾರು ಎತ್ತಬಾರದು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ತಾವು ಕುಳಿತಿದ್ದೀರಿ. ಆ ಕುರ್ಚಿಗೆ ಮೊದಲು ನಮಸ್ಕಾರ. ಪೆನ್ನಾಗರಂ ಕಡೆಯ ಕರಿಮಡು ಕೆರೆಯಿಂದ ಲೆಕ್ಕವಿಲ್ಲದಷ್ಟು ಟಿಪ್ಪರ್ ಹೂಳು ಹೊರಗೆ ಹೋಗಲು ತಮ್ಮ ಕಚೇರಿ ಒಂದೇ ವಾರದಲ್ಲಿ ಅನುಮತಿ ಕೊಟ್ಟಿತು. ಅದೇ ಕೆರೆಯ ಮಣ್ಣನ್ನು ಕೆಲವು ಕೊಳವೆಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ಯಲು ನನ್ನ ತಮ್ಮ ಗೋವಿಂದರಾಜು ಕೇಳಿದ ಅನುಮತಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ತಮ್ಮ ತೀರಿಕೊಂಡ, ಕೆರೆ ಬರಿದಾಯಿತು, ಆ ಕೊಳವೆಗಳೂ ಬರಿದಾದವು. ಈಗ ಉಳಿದಿರುವುದು ಕೆರೆಯ ನಡುವಿನ ಮಡು ಒಂದೇ. ಅದನ್ನೂ ಬರುವ ತಿಂಗಳು ತೋಡಿಸುತ್ತೀರಂತೆ. ದಯವಿಟ್ಟು ತೋಡಿಸಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಏಕೆ ಎಂದು ತಾವು ಕೇಳಬಹುದು. ತಮಿಳಿನಲ್ಲಿ ಬರೆದೆ, ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಬೆಲೆ ಜಾಸ್ತಿ ಎಂದು ಯಾರೋ ಹೇಳಿದರು, ಹಾಗೇ ಬರೆದೆ. ಮನವಿ ತಲುಪಿದೆ ಎಂದು ಉತ್ತರ ಬಂತು. ತಲುಪಿದ್ದು ನನಗೂ ಗೊತ್ತಿತ್ತು, ನಾನೇ ಬಸ್ಸು ಹತ್ತಿ ಬಂದು ತಮ್ಮ ಕಚೇರಿಯ ಮೇಜಿನ ಮೇಲಿಟ್ಟು ಹೋಗಿದ್ದೆನಲ್ಲ! ನಾವು ಸೇಲಂ ಪಟ್ಟಣದ ಕೈಮಗ್ಗದ ಮನೆಯವರು. ಶಾಲೆಯಲ್ಲಿ ಓದಿದ್ದೆಲ್ಲ ತಮಿಳು, ಮನೆಯ ಮಾತು ಕನ್ನಡ. ಅಕ್ಷರಗಳನ್ನು ಅವ್ವ ಮಗ್ಗದ ಪಕ್ಕ ಕೂರಿಸಿಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿ ಕಲಿಸಿದಳು. ಈ ಭಾಷೆಯಲ್ಲಿ ಬರೆದರೆ ತಾವು ಓದದಿದ್ದರೂ ನನಗೆ ನೋವಾಗುವುದಿಲ್ಲ. ಪಾಪ, ಅವರಿಗೆ ಓದಲು ಬಾರದು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಓದಬಲ್ಲವರು ನಾಲ್ಕು ಜನ ಓದಿ ತಮ್ಮ ಕಿವಿಗೆ ಹಾಕಲಿ.

ಗೋವಿಂದರಾಜು ಸರ್ಕಾರಿ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ. ಬೇಸಿಗೆ ರಜೆ ಬಂತೆಂದರೆ ಬೇರೆಯವರು ತಂಪು ಹುಡುಕಿಕೊಂಡು ಏರ್ಕಾಡಿಗೆ ಹೋದರೆ, ಇವನು ಬಿಸಿಲಿನಲ್ಲಿ ಕರಿಮಡು ಕೆರೆಗೆ ಹೋಗುತ್ತಿದ್ದ. ನಾನು ಭೂಗೋಳದ ಟೀಚರ್ ಆಗಿ ನಿವೃತ್ತಿಯಾದವಳು, ಬುತ್ತಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದೆ. ಶಂಕಗಿರಿಯ ಲಾರಿ ಶೆಡ್ಡುಗಳಿಂದ ಹಳೆಯ ಟ್ಯೂಬುಗಳನ್ನು ತಂದು, ಗಾಳಿ ತುಂಬಿಸಿ, ಮೇಲೆ ಬಿದಿರು ಕಟ್ಟಿ ತೆಪ್ಪ ಮಾಡಿಕೊಂಡಿದ್ದ. ಅದರ ಮೇಲೆ ನಿಂತು ಉದ್ದನೆಯ ಪೈಪನ್ನು ಕೆರೆಯ ತಳಕ್ಕೆ ನೆಟ್ಟಗೆ ಒತ್ತಿ, ಒಳಗೆ ಸೇರಿದ ಮಣ್ಣಿನ ಸಮೇತ ಮೇಲಕ್ಕೆ ಎಳೆಯುತ್ತಿದ್ದ. ಎರಡೂ ತುದಿಗೆ ಮುಚ್ಚಳ ಹಾಕಿ, ಒದ್ದೆ ಗೋಣಿ ಸುತ್ತಿ, ಮೇಲೆ ಕರಿ ಪ್ಲಾಸ್ಟಿಕ್ ಹೊದಿಸಿ, ಮಲಗಿದ ಮಗುವನ್ನು ಎತ್ತಿದಂತೆ ಎತ್ತಿಕೊಂಡು ದಡಕ್ಕೆ ತರುತ್ತಿದ್ದ. ದಡದಲ್ಲಿ ಕುಳಿತ ದನ ಕಾಯುವವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

"ಮಣ್ಣಲ್ಲಿ ಅಪ್ಪಡಿ ಎನ್ನ ಐತೆ ಅಮ್ಮಾ?" ಎಂದು ತಮ್ಮ ಕಚೇರಿಯ ಗುಮಾಸ್ತರು ಒಮ್ಮೆ ಕೇಳಿದರು. ಅವರ ಹೆಸರು ಸೆಲ್ವಂ, ನಮ್ಮ ಭಾಷೆಯೂ ಅಷ್ಟಿಷ್ಟು ಬರುತ್ತದೆ, ಒಳ್ಳೆಯ ಮನುಷ್ಯ. ಅಂಥದ್ದೇನಿದೆ ಎಂದು ತಮಗೂ ಹೇಳುತ್ತೇನೆ. ಪ್ರತಿ ವರ್ಷದ ಮಳೆ ಬೆಟ್ಟದಿಂದ ಒಂದಿಷ್ಟು ಮಣ್ಣನ್ನು ತಂದು ಕೆರೆಯ ತಳದಲ್ಲಿ ಹಾಸುತ್ತದೆ. ಮುಂದಿನ ವರ್ಷದ್ದು ಅದರ ಮೇಲೆ. ಮಗ್ಗದ ಮೇಲೆ ಒಂದು ಹೊಕ್ಕಿನ ಪಕ್ಕ ಇನ್ನೊಂದು ಹೊಕ್ಕು ಕೂರುವ ಹಾಗೆ. ಸೀರೆ ನೋಡಿದ ಕೂಡಲೇ ನೇಯುವವನ ಕೈ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಹಾಗೆ ಈ ಪದರಗಳನ್ನು ಓದುವವರಿದ್ದಾರೆ. ಮಳೆ ಹುಚ್ಚೆದ್ದು ಸುರಿದ ವರ್ಷ ದಪ್ಪ ಮರಳು, ಹದವಾಗಿ ಬಂದ ವರ್ಷ ನುಣ್ಣನೆಯ ಮಣ್ಣು, ಕೆರೆ ಒಣಗಿದ ವರ್ಷ ಬಿಳಿ ಉಪ್ಪಿನಂಥ ಪದರ. ಕಾಡಿಗೆ ಬೆಂಕಿ ಬಿದ್ದಿದ್ದರೆ ಇದ್ದಿಲಿನ ಪುಡಿ ಸಿಗುತ್ತದೆ. ಯಾವ ಕಾಲದಲ್ಲಿ ಕಾಡು ಇತ್ತು, ಯಾವ ಕಾಲದಲ್ಲಿ ಹುಲ್ಲು ಇತ್ತು, ಯಾವಾಗ ಜನ ಬಂದು ರಾಗಿ ಬಿತ್ತಿದರು ಎಂಬುದನ್ನು ಹೂವಿನ ಪರಾಗ ಹೇಳುತ್ತದೆ. ದೊಡ್ಡ ದೊಡ್ಡ ದೇಶಗಳಲ್ಲಿ ದೊಡ್ಡ ದೊಡ್ಡ ಸರೋವರಗಳ ತಳದಿಂದ ಹೀಗೇ ಹಿಂದಿನ ಕಾಲದ ಹವೆಯನ್ನು ಲೆಕ್ಕ ಹಾಕುತ್ತಾರೆ.

ಇದರಿಂದ ಯಾರಿಗೆ ಅನ್ನ ಸಿಗುತ್ತದೆ ಎನ್ನುತ್ತೀರಾ? ತಾವು ಕುಡಿಯುವ ನೀರಿನ ಯೋಜನೆ ಬರೆಯುವಾಗ ಇಷ್ಟು ವರ್ಷ ಮಳೆ ಕೈಕೊಟ್ಟರೆ ಸಾಲುವಷ್ಟು ನೀರು ಎಂದು ಲೆಕ್ಕ ಹಾಕುತ್ತೀರಲ್ಲ, ಆ ಇಷ್ಟು ವರ್ಷ ಎಂಬುದು ಎಲ್ಲಿಂದ ಬಂತು? ಈ ಸೀಮೆಯಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟು ಎಷ್ಟು ಕಾಲವಾಯಿತು? ಬೆಟ್ಟದ ವಯಸ್ಸಿನ ಮುಂದೆ ಅದು ನಿನ್ನೆ ಮೊನ್ನೆಯ ಮಾತು. ಅದಕ್ಕಿಂತ ಮೊದಲು ಒಂದು ತಲೆಮಾರಿನುದ್ದಕ್ಕೂ ಮಳೆಯಿಲ್ಲದ ಕಾಲ ಬಂದಿತ್ತೋ ಏನೋ. ಬಂದಿದ್ದರೆ ಮತ್ತೆ ಬರಬಹುದು. ಅದನ್ನು ತಮ್ಮ ಕಚೇರಿಯ ಯಾವ ಕಡತವೂ ಹೇಳುವುದಿಲ್ಲ. ಮಣ್ಣು ಹೇಳುತ್ತಿತ್ತು.

ಗೋವಿಂದರಾಜು ಆ ಪೈಪುಗಳನ್ನು ತೆರೆಯಲಿಲ್ಲ. ಗಾಳಿ ತಾಗಿದರೆ ಒಣಗುತ್ತದೆ, ಬೂಷ್ಟು ಹಿಡಿಯುತ್ತದೆ, ಪ್ರಯೋಗಾಲಯದಲ್ಲೇ ಸೀಳಬೇಕು ಎನ್ನುತ್ತಿದ್ದ. ಅಲ್ಲಿಗೆ ಒಯ್ಯಬೇಕಾದರೆ ಅನುಮತಿ ಬೇಕು, ಏಕೆಂದರೆ ಮಣ್ಣು ಖನಿಜ, ಖನಿಜ ಸರ್ಕಾರದ್ದು. ಕಾನೂನು ಮೀರುವವನಲ್ಲ ನನ್ನ ತಮ್ಮ. ಪೈಪುಗಳನ್ನು ಕೆರೆಯ ಪಕ್ಕದ ಊರಿನ ಮಾರಿಯಮ್ಮನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಸಾಲಾಗಿ ಮಲಗಿಸಿ, ಅರ್ಜಿ ಹಾಕಿ ಬಂದ. ತಮ್ಮ ಕಚೇರಿಗೆ ನಾವು ತಿರುಗಿದ್ದನ್ನು ವರ್ಣಿಸಿದರೆ ತಮಗೂ ಬೇಸರ, ಓದುವವರಿಗೂ ಬೇಸರ. ಮಣ್ಣು ಎಷ್ಟು ಯೂನಿಟ್ ಎಂದು ಕೇಳಿದರು. ಯೂನಿಟ್ ಎಂದರೆ ಲಾರಿ ಲೆಕ್ಕ. ಒಬ್ಬ ಮನುಷ್ಯ ಹೊತ್ತುಕೊಂಡು ಹೋಗುವಷ್ಟು ಎಂದರೆ ಅದಕ್ಕೆ ಕಾಲಂ ಇಲ್ಲ ಎಂದರು. ಲಾರಿಗಟ್ಟಲೆ ಕೇಳಿದ್ದರೆ ಸಿಗುತ್ತಿತ್ತು, ಕಡಿಮೆ ಕೇಳಿದ್ದೇ ತಪ್ಪಾಯಿತು.

"ಇನ್ನೊಂದ್ಸಲ ಓಗಿ ಬಾ ಅಕ್ಕಾ, ನೀನು ಕೇಳುದ್ರೆ ಮರ್ಯಾದೆ ಕೊಡ್ತಾರೆ" ಎಂದು ಗೋವಿಂದರಾಜು ಕಡೆಯ ಸಲ ಹೇಳಿದಾಗ ಆಸ್ಪತ್ರೆಯ ಮಂಚದ ಮೇಲಿದ್ದ. ಎದೆನೋವು ಎಂದು ಸೇರಿಸಿದ್ದೆವು. ನಾನು ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೈಕ್ಕು ವಾಂಗ, ನಾಳೆ ಬನ್ನಿ ಎಂದು ಕಳಿಸಿದರು. ನಾಳೆ ಎಂಬುದು ನನ್ನ ತಮ್ಮನಿಗೆ ಇರಲಿಲ್ಲ. ಅವನ ಹೃದಯ ನಿಂತದ್ದಕ್ಕೆ ತಾವು ಕಾರಣ ಎಂದು ನಾನು ಹೇಳುವುದಿಲ್ಲ, ಅಷ್ಟು ಅನ್ಯಾಯದ ಮಾತಾಡಲಾರೆ. ಆದರೆ ಆ ಪೈಪುಗಳೊಳಗೆ ಏನಿದೆ ಎಂದು ನೋಡದೆಯೇ ಅವನು ಹೋದ. ಅಡಿಯ ಮಣ್ಣು ಕೆರೆಯ ಏರಿ ಕಟ್ಟುವುದಕ್ಕಿಂತ ಎಷ್ಟೋ ಹಿಂದಿನದಿರಬಹುದು ಎಂದು ಅವನಿಗೆ ಆಸೆಯಿತ್ತು. "ನೋಡಿದ್ಮೇಲೆ ಯೋಳ್ತೀನಿ, ಈಗ್ಲೇ ಯೋಳಿದ್ರೆ ಸುಳ್ಳಾಗ್ತದೆ" ಎನ್ನುತ್ತಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಅಳು ಬರುತ್ತದೆ.

ಅವನು ಹೋದ ಮೇಲೆ ಬೇಸಿಗೆಯಲ್ಲಿ ತಮ್ಮ ಯಂತ್ರಗಳು ಕೆರೆಗಿಳಿದವು. ಹೂಳೆತ್ತುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ರೈತರು ತಲೆತಲಾಂತರದಿಂದ ಕೆರೆಯ ಅಂಚಿನ ಗೋಡುಮಣ್ಣು ಹೊತ್ತು ಹೊಲಕ್ಕೆ ಹಾಕುತ್ತಿದ್ದರು, ಕೆರೆಗೂ ಒಳ್ಳೆಯದಾಗುತ್ತಿತ್ತು, ಹೊಲಕ್ಕೂ ಆಗುತ್ತಿತ್ತು. ತಮ್ಮ ಗುತ್ತಿಗೆದಾರರು ಅಂಚು ಮುಟ್ಟಲಿಲ್ಲ. ಮಣ್ಣು ಆಳವಾಗಿದ್ದ ಕಡೆಗೇ ನುಗ್ಗಿ, ಗಟ್ಟಿ ಕಲ್ಲು ಸಿಗುವವರೆಗೆ ಕೆರೆದು, ಇಟ್ಟಿಗೆ ಗೂಡಿಗೂ ರಸ್ತೆ ತುಂಬಿಸುವುದಕ್ಕೂ ಸಾಗಿಸಿದರು. ರೈತರಿಗೆ ಉಚಿತ ಮಣ್ಣು ಎಂಬ ಬೋರ್ಡು ಮಾತ್ರ ದಡದಲ್ಲಿ ಇವತ್ತಿಗೂ ನಿಂತಿದೆ.

ಆಮೇಲೆ ಆಡಿ ತಿಂಗಳು, ಎಂದರೆ ನಮ್ಮ ಆಷಾಢ, ಬಂತು. ಆಡಿಯಲ್ಲಿ ಆ ಊರಿನ ಹೆಂಗಸರು ಮಾರಿಯಮ್ಮನಿಗೆ ಮುಳೈಪ್ಪಾರಿ ಹಾಕುತ್ತಾರೆ. ಕುಂಡದಲ್ಲಿ ಮಣ್ಣು ತುಂಬಿ, ನವಧಾನ್ಯ ಬಿತ್ತಿ, ಬಿಸಿಲು ಸೋಕದ ಕೋಣೆಯಲ್ಲಿಟ್ಟು ಮೊಳಕೆ ಬರಿಸುತ್ತಾರೆ. ಮೊಳಕೆ ಎತ್ತರವಾಗಿ ಬೆಳೆದರೆ ಆ ವರ್ಷ ಒಳ್ಳೆ ಮಳೆ, ಬಾಡಿದರೆ ಇಲ್ಲ. ಕೊನೆಗೆ ಕುಂಡಗಳನ್ನು ತಲೆಯ ಮೇಲೆ ಹೊತ್ತು ತಂದು ನೀರಿಗೆ ಬಿಡುತ್ತಾರೆ. ಕುಂಡದ ಮಣ್ಣು ಕೆರೆಯೊಳಗಿನ ವಂಡಲೇ ಆಗಬೇಕು, ವಂಡಲ್ ಎಂದರೆ ಹೂಳು. ಅದೂ ಸ್ವಂತ ಕೆರೆಯದ್ದೇ. ಬೇರೆ ಊರಿನ ಕೆರೆ ಮಣ್ಣು ತಂದರೆ ನಮ್ಮ ಮಳೆ ಆ ಊರಿಗೆ ಹೋಗುತ್ತದೆ ಎಂಬ ನಂಬಿಕೆ.

ಅನುಮತಿ ಬಂದದ್ದು ಆಡಿ ಕಳೆದ ಮೇಲೆ. ಲಕೋಟೆಯ ಮೇಲೆ ನನ್ನ ತಮ್ಮನ ಹೆಸರಿತ್ತು. ಅವನ ಕೆಲಸವನ್ನಾದರೂ ಮುಗಿಸೋಣ ಎಂದು ಪ್ರಯೋಗಾಲಯದವರಿಗೆ ಹೇಳಿ, ಒಂದು ವ್ಯಾನು ಮಾಡಿಕೊಂಡು ಊರಿಗೆ ಹೋದೆ. ಗುಡಿಯ ಬಳಿ ರಾಜಾತಿ ಎದುರಾದಳು. ಆ ಊರಿನ ಮುಳೈಪ್ಪಾರಿಗೆ ಅವಳೇ ಮುಂದಾಳು. ನನ್ನ ತಮ್ಮ ಬಂದಾಗಲೆಲ್ಲ ಮಜ್ಜಿಗೆ ಕೊಟ್ಟವಳು, ಅವನು ಸತ್ತಾಗ ಎರಡು ಬಸ್ಸು ಬದಲಿಸಿ ಸೇಲಂಗೆ ಬಂದು ನನ್ನ ಪಕ್ಕ ಕುಳಿತಿದ್ದವಳು. ನನ್ನನ್ನು ಕಂಡು ಖುಷಿಯಾಗಿ ಕೋಣೆಯ ಬಾಗಿಲು ತೆರೆದಳು.

"ಪೈಪೆಲ್ಲಾ ಚೆನ್ನಾಗಿ ತೊಳ್ದು ಒಣಗ್ಸಿ ಮಡಗಿವ್ನಿ ಅಕ್ಕಾ. ಒಂದೂ ಒಡ್ದಿಲ್ಲ, ಎತ್ಕೊಂಡೋಗು."

ಗೋಡೆಗೆ ಒರಗಿಸಿದ ಪೈಪುಗಳು ಫಳಫಳ ಹೊಳೆಯುತ್ತಿದ್ದವು. ಒಳಗೆ ಏನೂ ಇರಲಿಲ್ಲ. ಮಣ್ಣೆಲ್ಲಿ ರಾಜಾತಿ ಎಂದು ಕೇಳಿದೆ.

"ಮೊಳಕೆಗೆ ಆಕುದ್ವಿ ಅಕ್ಕಾ. ಕೆರೇಲಿ ಒಂದು ಬೊಗಸೆ ವಂಡಲ್ ಬುಟ್ಟಿಲ್ಲ ಅವ್ರು, ಬರೀ ಕಲ್ಲು. ಅಮ್ಮನ್ಗೆ ಯಾತ್ರಲ್ಲಿ ಬಿತ್ತೋದು? ನಿನ್ ತಮ್ಮ ಸಾರು ಮಡಗಿದ್ ಮಣ್ಣು ಬೆಣ್ಣೆ ಇದ್ದಂಗಿತ್ತು. ಅಮ್ಮನ್ ಗುಡೀಲೇ ಐತೆ, ಸಾರೂ ಇಲ್ಲ, ಅಮ್ಮನ್ಗೇ ಅಂತ ಮಡಗವ್ರೆ ಅಂದ್ಕೊಂಡ್ವಿ. ಸುಮ್ನೆ ತಗೀಲಿಲ್ಲ ಅಕ್ಕಾ, ಊ ಕೇಳುದ್ವಿ. ಬಲಗಡೆಗೇ ಬಿತ್ತು."

ಹೂ ಕೇಳುವುದೆಂದರೆ ದೇವಿಯ ಮೇಲೆ ಹೂವಿಟ್ಟು, ಅದು ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದು ತಿಳಿಯುವುದು. ನೋಡಿ ಮಾನ್ಯರೇ, ಅವರೂ ಅನುಮತಿ ಕೇಳಿಯೇ ಮುಟ್ಟಿದ್ದಾರೆ. ಅವರ ಅಧಿಕಾರಿಣಿ ಮೀಟಿಂಗಿನಲ್ಲಿರಲಿಲ್ಲ, ಎಷ್ಟು ಯೂನಿಟ್ ಎಂದು ಕೇಳಲಿಲ್ಲ, ನಿಂತ ಕಾಲಲ್ಲೇ ಹೂ ಕೊಟ್ಟಳು.

ಮೊಳಕೆ ಹೇಗೆ ಬಂತು ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ನನಗೆ ತಿಳಿಯಲಿಲ್ಲ. ಮೊಣಕೈಯುದ್ದ ಬಂತು, ಇಂಥ ಮೊಳಕೆ ಯಾರೂ ನೋಡಿಲ್ಲ ಎಂದಳು. ಬರುವ ಮಳೆಯ ಶಕುನ ನೋಡಲು, ಹೋದ ಕಾಲದ ಮಳೆಗಳನ್ನೆಲ್ಲ ಕಲಸಿ ಕುಂಡಕ್ಕೆ ತುಂಬಿ, ಹಾಡು ಹೇಳಿಕೊಂಡು ನೀರಿಗೆ ಬಿಟ್ಟುಬಿಟ್ಟಿದ್ದರು. ನಾನು ಗುಡಿಯ ಜಗಲಿಯ ಮೇಲೆ ಕುಳಿತು ಅತ್ತೆ. ಆಗ ಅವಳಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಅವಳಿಗೆ ನೋವಾಗದ ಹಾಗೆ ಹೇಳಲು ನೋಡಿದೆ, ಆಗಲಿಲ್ಲ. ಎಲ್ಲ ಕೇಳಿ ಮುಗಿಸಿ ಕೆರೆಯ ಕಡೆ ನೋಡಿದಳು.

"ಇನ್ನೆಲ್ಲೂ ಮಿಕ್ಕಿಲ್ವಾ ಅಕ್ಕಾ?"

ಮಿಕ್ಕಿದೆ. ನಡುಮಡುವಿನಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಹೋದ ಸಲ ತಮ್ಮ ಯಂತ್ರ ಅಲ್ಲಿಗಿಳಿಯಹೋಗಿ ಮಡುವಿನ ಅಂಚಿನಲ್ಲೇ ಹೂತುಹೋಯಿತು, ಅದನ್ನು ಎಳೆದುಕೊಂಡು ಹಿಂದಿರುಗಿದರು. ಹಾಗಾಗಿ ಆ ಒಂದು ಕಡೆ ತಳದ ಮಣ್ಣು ಪದರ ಕದಡದೆ ಇದೆ. ಎಲ್ಲಕ್ಕಿಂತ ಆಳದ ಜಾಗ ಅದು, ಒಳ್ಳೆಯ ಸಲಕರಣೆ ಸಿಕ್ಕ ಮೇಲೆ ಮಾಡುತ್ತೇನೆಂದು ಗೋವಿಂದರಾಜು ಕಡೆಗೆ ಉಳಿಸಿಕೊಂಡಿದ್ದ. ಈಗ ಎರಡನೇ ಹಂತದ ಕಾಮಗಾರಿ, ಪಂಪು ಇಟ್ಟು ಮಡು ಬತ್ತಿಸಿ ಎತ್ತುವುದು ಎಂದು ಪಂಚಾಯಿತಿ ಗೋಡೆಗೆ ನೋಟೀಸು ಅಂಟಿಸಿದ್ದೀರಿ. ಆ ಹೆಂಗಸರದ್ದು ತಪ್ಪು ಎನ್ನಲು ತಮ್ಮವರಿಗೆ ನಾಲಿಗೆ ತುರಿಸಬಹುದು. ತಪ್ಪೇ. ಗೊತ್ತಿಲ್ಲದೆ ಮಾಡಿದರು, ಗೊತ್ತಾದ ಮೇಲೆ ರಾಜಾತಿ ಎರಡು ದಿನ ಊಟ ಮಾಡಲಿಲ್ಲವಂತೆ. ಈಗ ಈ ಪತ್ರದ ಮೂಲಕ ತಮಗೂ ಗೊತ್ತಾಗಿದೆ. ಇನ್ನು ಮುಂದೆ ಆಗುವುದನ್ನು ಏನೆಂದು ಕರೆಯೋಣ?

ಹೋದ ವಾರ ಪಂಪು ಹೊತ್ತ ಟ್ರಾಕ್ಟರು ಬಂದಾಗ ರಾಜಾತಿಯೂ ಉಳಿದ ಹೆಂಗಸರೂ ಮಡುವಿನ ದಾರಿಗೆ ಅಡ್ಡ ಕುಳಿತರು. ಡ್ರೈವರ್ ಪೊನ್ನುಸ್ವಾಮಿ ಅದೇ ಊರಿನವರು. "ನಾ ಏನ್ ಮಾಡ್ಲಿ ತಾಯೀ, ಆರ್ಡರ್ ಐತೆ" ಎಂದರಂತೆ. ಅದಕ್ಕೆ ಅವಳು, "ಒಂದ್ಸಲ ನಾನೇ ಕೆಡಿಸ್ದೆ, ಇನ್ನೊಂದ್ಸಲ ಕೆಡಾಕ್ ಬುಡಾಕಿಲ್ಲ" ಎಂದಳಂತೆ. ಅವರು ಟ್ರಾಕ್ಟರು ತಿರುಗಿಸಿಕೊಂಡು ಹೋದರು. ಮುಂದಿನ ಸಲ ಪೊಲೀಸರ ಜೊತೆ ಬರುತ್ತಾರೆ ಎಂದು ಸುದ್ದಿ. ಹೆಂಗಸರು ಕಳೆ ಕೀಳುವ ಕೂಲಿ ಬಿಟ್ಟು ಎಷ್ಟು ದಿನ ಕುಳಿತಾರು?

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ನಡುಮಡುವಿಗೆ ಪಂಪು ಇಡುವ ಆದೇಶವನ್ನು ತಡೆಹಿಡಿಯಿರಿ. ಪ್ರಯೋಗಾಲಯದವರು ಬಂದು ಒಂದೇ ಒಂದು ಕೊಳವೆ ಇಳಿಸಿ, ಮಣ್ಣು ತೆಗೆದುಕೊಂಡು ಹೋಗಲು ಬಿಡಿ. ಕೊಳವೆ ಹಿಡಿಯಲು ರಾಜಾತಿ ಬರುತ್ತಾಳೆ, ನಾನು ತೆಪ್ಪದ ಹಗ್ಗ ಹಿಡಿಯುತ್ತೇನೆ. ನನಗೆ ನಿಜವಾಗಿ ಬೇಕಾಗಿರುವುದು ನನ್ನ ತಮ್ಮ. ಅವನನ್ನು ತಮ್ಮಲ್ಲಿ ಕೇಳುತ್ತಿಲ್ಲ, ಅದು ತಮ್ಮ ಕೈಯಲ್ಲಿಲ್ಲ. ಮಡು ತಮ್ಮ ಕೈಯಲ್ಲಿದೆ. ಅದನ್ನು ಕೊಡಿ.

ಇಂತಿ,
ತಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತೇ ಮುದುಕಿಯಾದ
ಗೋವಿಂದರಾಜುವಿನ ಅಕ್ಕ ಪುಷ್ಪಾ,
ಸೇಲಂ